ಅಗಸನ ಗುರುತು

ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆ, ಆಡುವ ಮಾತು ನಡುವಾಕ್ಯದಲ್ಲಿಯೇ ಕನ್ನಡದಿಂದ ತೆಲುಗಿಗೆ ಹೊರಳುವ ಆ ಗಡಿಸೀಮೆಯಲ್ಲಿ, ಹತ್ತಾರು ಮನೆಗಳ ಮೈಲಿಗೆಯನ್ನು ಒಂದೇ ಗಂಟು ಕಟ್ಟಿ ಕತ್ತೆಯ ಮೇಲೆ ಹೇರಿಕೊಂಡು ಕೆರೆಗೆ ಹೋಗುತ್ತಿದ್ದ ಅಗಸನು, ಸಂಜೆಗೆ ಒಬ್ಬರ ಪಂಚೆಯನ್ನು ಇನ್ನೊಬ್ಬರ ಮನೆಗೆ ಕೊಡದೆ ಹಂಚಿ ಬರುತ್ತಿದ್ದುದರ ಗುಟ್ಟು ಹಿಂದಿನವರಿಗೆ ತಿಳಿದದ್ದೇ. ಬಟ್ಟೆಯ ಅಂಚಿನಲ್ಲಿ ಕರಿಗೇರಿನ ರಸದಿಂದ ಇಟ್ಟ ಒಂದು ಚುಕ್ಕೆ, ಎರಡು ಗೀಟು, ಒಂದು ಕೊಕ್ಕೆ: ಓದುಬರಹವಿಲ್ಲದವನ ಆ ಲಿಪಿ ಎಷ್ಟು ಒಗೆದರೂ ಮಾಸುತ್ತಿರಲಿಲ್ಲ.

ನಮ್ಮ ಶರೀರದ ಜೀವಕೋಶಗಳ ಮೇಲೂ ಇಂಥದೇ ಗುರುತುಗಳುಂಟು. ಹಲವು ಸಲ ಪರರಕ್ತವನ್ನು ಪಡೆದವರ ರಕ್ತದಲ್ಲಿ ಅನ್ಯರ ಬಿಳಿಯ ಕಣಗಳನ್ನು ಗಂಟುಕಟ್ಟಿಸುವ ವಸ್ತುವೊಂದಿರುವುದನ್ನು ಕಂಡ ಫ್ರಾನ್ಸಿನ ವೈದ್ಯ ಝಾನ್ ದೋಸೆ, 1958ರಲ್ಲಿ ಈ ಗುರುತುಗಳಲ್ಲಿ ಮೊದಲನೆಯದನ್ನು ಬಣ್ಣಿಸಿದನು. ಆ ಕೆಲಸಕ್ಕಾಗಿ 1980ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಎಚ್.ಎಲ್.ಎ. ಎಂದು ಇವುಗಳಿಗೆ ಹೆಸರು. ಆರನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿ ಇವುಗಳ ಜೀನುಗಳು ಒತ್ತೊತ್ತಾಗಿ ಕುಳಿತಿರುವುದರಿಂದ, ತಂದೆಯಿಂದ ಒಂದು ಕಟ್ಟು, ತಾಯಿಯಿಂದ ಒಂದು ಕಟ್ಟು ಎಂಬಂತೆ ಮಕ್ಕಳಿಗೆ ಸಾಮಾನ್ಯವಾಗಿ ಇಡಿಯಾಗಿಯೇ ಬರುತ್ತವೆ. ಒಡಹುಟ್ಟಿದ ಇಬ್ಬರಲ್ಲಿ ಎರಡು ಕಟ್ಟುಗಳೂ ಒಂದೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು. ಗುರುತು ಹೊಂದುವ ದಾನಿಯನ್ನು ಅರಸುವಾಗ ಎಂಟು ಮಕ್ಕಳಿದ್ದ ಮನೆಗೆ ಈ ಲೆಕ್ಕ ಉದಾರವಾಗಿ ತೋರುತ್ತಿತ್ತು. ಒಂದೆರಡು ಮಕ್ಕಳ ಈಗಿನ ಮನೆಗೆ ಬಲು ಜಿಪುಣವಾದುದು.

ಅಸ್ಥಿಮಜ್ಜೆ ಬರಿದಾಗುವ ವ್ಯಾಧಿಯಲ್ಲಿ ಈ ಗುರುತುಗಳ ಇನ್ನೊಂದು ಮುಖ ಕಾಣುತ್ತದೆ. ಅಪ್ಲಾಸ್ಟಿಕ್ ಅನೀಮಿಯ ಎಂಬ ಈ ಕಾಯಿಲೆಯನ್ನು ಪೌಲ್ ಎರ್ಲಿಚ್ 1888ರಲ್ಲಿಯೇ ವರ್ಣಿಸಿದ್ದನು. ಮೂಳೆಯೊಳಗೆ ರಕ್ತವನ್ನು ತಯಾರಿಸುವ ಆಕರಕೋಶಗಳು ನಶಿಸಿ, ಆ ಜಾಗವನ್ನು ಕೊಬ್ಬು ತುಂಬುತ್ತದೆ. ಕೆಂಪು ಕಣ ಕುಗ್ಗಿ ಆಯಾಸ, ಬಿಳಿಯ ಕಣ ಕುಗ್ಗಿ ಬಿಡದ ಜ್ವರ, ಕಿರುಬಿಲ್ಲೆಗಳು ಕುಗ್ಗಿ ಒಸಡಿನಲ್ಲಿ ರಕ್ತ. ಬೆಂಜೀನ್, ಕ್ಲೋರಾಂಫೆನಿಕಾಲ್ ಮುಂತಾದ ವಸ್ತುಗಳ ಮೇಲೆ ಬಹುಕಾಲ ಸಂದೇಹವಿದ್ದಿತು, ಅದು ನಿರಾಧಾರವೂ ಅಲ್ಲ. ಆದರೆ 1970ರಲ್ಲಿ ಜಾರ್ಜ್ ಮಾತೆ ಎಂಬ ವೈದ್ಯನು, ಹೊರಗಿನ ಮಜ್ಜೆ ಬೇರೂರಲಿ ಎಂದು ರೋಗಿಗಳ ಲಿಂಫೋಸೈಟುಗಳನ್ನು ಅಡಗಿಸುವ ಔಷಧವನ್ನಿತ್ತಾಗ, ಹಾಕಿದ ಮಜ್ಜೆ ನಿಲ್ಲದೆ ಹೋದರೂ ರೋಗಿಗಳ ಸ್ವಂತ ಮಜ್ಜೆಯೇ ಚಿಗುರಿತು. ಕೊಲ್ಲುತ್ತಿದ್ದವರು ಹೊರಗಿನವರಲ್ಲ, ಮನೆಯ ಕಾವಲುಗಾರರೇ ಎಂಬುದು ಹೀಗೆ ಹೊರಬಿದ್ದಿತು.

ಕಾವಲುಗಾರರಾದ ಟಿ ಲಿಂಫೋಸೈಟುಗಳು ಶತ್ರುವನ್ನು ನೇರವಾಗಿ ಕಾಣುವುದಿಲ್ಲ, ಎಚ್.ಎಲ್.ಎ. ಅಣುವು ತನ್ನ ಬೊಗಸೆಯಲ್ಲಿ ಹಿಡಿದು ತೋರಿಸುವ ಪ್ರೋಟೀನಿನ ಚೂರನ್ನು ಮಾತ್ರ ಕಾಣುತ್ತವೆ. ಬೊಗಸೆಯ ಆಕಾರ ಬದಲಾದಂತೆ ತೋರಿಸುವ ಚೂರೂ ಬದಲಾಗುತ್ತದೆ. ಎಚ್.ಎಲ್.ಎ.-ಡಿಆರ್15 ಎಂಬ ಗುರುತು ಈ ರೋಗಿಗಳಲ್ಲಿ ಉಳಿದವರಲ್ಲಿರುವುದಕ್ಕಿಂತ ಹೆಚ್ಚಾಗಿ ದೊರೆಯುವುದಕ್ಕೆ ಇದೇ ಕಾರಣವಿರಬೇಕೆಂದು ವಿದ್ವಾಂಸರ ಊಹೆ. ಇಷ್ಟು ಕೇಳಿದೊಡನೆ ಮಗುವಿನ ಗುರುತನ್ನು ಜಾತಕದಂತೆ ಬರೆಯಿಸಿ ನೋಡಬೇಕೆಂದು ಹೊರಡುವವರುಂಟು, ಅದು ವ್ಯರ್ಥ. ಡಿಆರ್15 ಆರೋಗ್ಯವಂತರಲ್ಲಿ ಧಾರಾಳವಾಗಿ ಇರುವಂಥದು. ರೋಗವಾದರೋ ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಮಂದಿಯಲ್ಲಿ ಸುಮಾರು ಇಬ್ಬರಿಗೆ, ಪೂರ್ವ ಏಷ್ಯದಲ್ಲಿ ಅದರ ಎರಡು ಮೂರು ಪಟ್ಟು ಜನಕ್ಕೆ ಬರುವುದು.

ರೋಗ ಬಂದ ಮೇಲೆ ಮಾತ್ರ ಗುರುತಿನ ಓದು ಪ್ರಾಣದ ಪ್ರಶ್ನೆಯಾಗುತ್ತದೆ, ಹೊಂದುವ ದಾನಿಯ ಮಜ್ಜೆಯೇ ಮುಖ್ಯ ಚಿಕಿತ್ಸೆಗಳಲ್ಲೊಂದಾದ್ದರಿಂದ. ಬೈರಕೂರಿನವರಿಗೆ ಇದಕ್ಕೆ ಪಶ್ಚಿಮಕ್ಕೆ ಬೆಂಗಳೂರು ಹೇಗೋ, ನಂಗಲಿ ದಾಟಿ ಪಲಮನೇರು, ಚಿತ್ತೂರುಗಳ ಮಾರ್ಗವಾಗಿ ಹೋಗುವ ವೆಲ್ಲೂರೂ ಹಾಗೆಯೇ. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಿಂದ ಮಜ್ಜೆಯ ಕಸಿ ನಡೆದಿದೆ. ನಮ್ಮ ಸೀಮೆಯ ಪದ್ಧತಿಯೊಂದು ಇಲ್ಲಿ ಎರಡು ಬಗೆಯಾಗಿ ಫಲಿಸುವುದು ಕುತೂಹಲಕರ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಒಂದೇ ಕಟ್ಟು ಎರಡು ದಾರಿಗಳಿಂದ ಮಗುವಿಗೆ ಬರಬಹುದಾದ್ದರಿಂದ, ಒಡಹುಟ್ಟಿದವರಲ್ಲಿ ಸಿಗದ ಹೊಂದಿಕೆ ಹೆತ್ತವರಲ್ಲಿಯೋ ದಾಯಾದಿಗಳಲ್ಲಿಯೋ ಸಿಕ್ಕೀತು. ಆದರೆ ಅದೇ ಎರಡು ದಾರಿಗಳಿಂದ ಒಂದೇ ಕೆಟ್ಟ ಜೀನೂ ಬಂದು ಕೂಡಬಹುದು; 1927ರಲ್ಲಿ ಸ್ವಿಸ್ ವೈದ್ಯ ಫ್ಯಾಂಕೋನಿ ವರ್ಣಿಸಿದ, ಎಳವೆಯಲ್ಲಿಯೇ ಮಜ್ಜೆಯನ್ನು ಬತ್ತಿಸುವ ಅನೀಮಿಯ ಬಹುಮಟ್ಟಿಗೆ ಹಾಗೆ ಬರುವಂಥದು. ಮನೆತನದಲ್ಲಿ ಯಾರೂ ಹೊಂದದಿದ್ದರೆ ದಾನಿಗಳ ಪಟ್ಟಿಯನ್ನು ಅರಸಬೇಕು. ಅದೂ ಇಲ್ಲದವರಿಗೆ ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯವನ್ನೂ ಸೈಕ್ಲೋಸ್ಪೊರಿನ್ ಔಷಧವನ್ನೂ ಕೊಟ್ಟು ಕಾವಲುಗಾರರನ್ನು ಅಡಗಿಸುತ್ತಾರೆ.

ಇವೆಲ್ಲಕ್ಕಿಂತ ವಿಚಿತ್ರವಾದುದನ್ನು 2011ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಕೆಲವು ರೋಗಿಗಳಲ್ಲಿ ಬದುಕುಳಿದು ರಕ್ತವನ್ನು ತಯಾರಿಸುತ್ತಿದ್ದ ಆಕರಕೋಶಗಳು ತಮ್ಮ ಎರಡು ಕಟ್ಟುಗಳಲ್ಲಿ ಒಂದನ್ನು ಕಳೆದುಕೊಂಡು, ಇನ್ನೊಂದನ್ನೇ ಇಮ್ಮಡಿಸಿಕೊಂಡಿದ್ದುವು. ಯಾವ ಗುರುತನ್ನು ನೋಡಿ ಕಾವಲುಗಾರನು ಬಡಿಯುತ್ತಿದ್ದನೋ ಆ ಗುರುತೇ ಅವುಗಳ ಮೇಲೆ ಇರಲಿಲ್ಲ. ಕರಿಗೇರಿನ ಕಲೆಯೂ ಹೀಗೊಮ್ಮೆ ಅಳಿಯಬಲ್ಲುದೆಂದು ಯಾವ ಅಗಸ ನಂಬಿಯಾನು? ಅಂಥ ರೋಗಿಯ ರಕ್ತವನ್ನಷ್ಟೇ ನೋಡಿ ದಾನಿಯನ್ನು ಆರಿಸಿದರೆ ಅರ್ಧ ಗುರುತು ತಪ್ಪೀತಾದ್ದರಿಂದ, ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಸವರಿ, ಅಲ್ಲಿಯ ಕೋಶಗಳಲ್ಲಿ ಹುಟ್ಟುಗುರುತನ್ನು ಓದಿಕೊಳ್ಳುವುದುಂಟು.