ರೆಜಿಮೆಂಟು ಮರೆಯದ ಹೆಸರುಗಳು

2016ನೆಯ ಇಸವಿಯ ಜುಲೈ 22, ಶುಕ್ರವಾರ. ತುಳುನಾಡಿನಲ್ಲಿ ಆಟಿ ತಿಂಗಳು ಮೊದಲಾಗಿ ಕೆಲವೇ ದಿನಗಳಾಗಿದ್ದವು. ಆ ದಿನ ಬೆಳಿಗ್ಗೆ ಸುಮಾರು ಎಂಟೂವರೆ ಗಂಟೆಗೆ ಚೆನ್ನೈ ಸಮೀಪದ ತಾಂಬರಂ ವಾಯುನೆಲೆಯಿಂದ, ಅಂದು ಪೋರ್ಟ್ ಬ್ಲೇರ್ ಎನಿಸಿದ್ದ ಅಂಡಮಾನಿನ ಪಟ್ಟಣಕ್ಕೆ ಹೊರಟ ವಾಯುಪಡೆಯ ಆಂಟೊನೊವ್-32 ವಿಮಾನವು ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿ 29 ಮಂದಿ ಇದ್ದರು. ಅವರಲ್ಲಿ ಒಬ್ಬರು ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯ ಹವಾಲ್ದಾರ್ ಏಕನಾಥ ಶೆಟ್ಟಿ.

ನೌಕಾಪಡೆಯ ಹಡಗುಗಳು, ಕರಾವಳಿ ಕಾವಲುಪಡೆ, ವಾಯುಪಡೆಯ ವಿಮಾನಗಳು ವಾರಗಟ್ಟಲೆ ಸಮುದ್ರವನ್ನು ಜಾಲಾಡಿದವು. ಒಂದು ತುಂಡು ಲೋಹವೂ ಸಿಗಲಿಲ್ಲ. ಅದೇ ಸಪ್ಟೆಂಬರ್ ತಿಂಗಳ ನಡುವಿನಲ್ಲಿ, ವಿಮಾನದಲ್ಲಿದ್ದವರೆಲ್ಲರೂ ಮೃತರಾಗಿರುವರೆಂದು ಭಾವಿಸಬೇಕಾಗಿದೆ ಎಂಬ ತಿಳಿವಳಿಕೆ ಅವರವರ ಮನೆಗಳಿಗೆ ಹೋಯಿತು. ಸೇನೆಯ ಭಾಷೆಯಲ್ಲಿ ಅದು ಒಂದು ಆಡಳಿತದ ಪತ್ರ. ಮನೆಯವರ ಪಾಲಿಗೆ ಅದು ಏನಾಗಿದ್ದೀತು?

ತುಳುನಾಡಿನ ಸಂಪ್ರದಾಯ ಬಲ್ಲವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಆಟಿ ತಿಂಗಳು ಗತಿಸಿದ ಹಿರಿಯರಿಗೆ ಎಲೆ ಹಾಕಿ ಬಡಿಸುವ ತಿಂಗಳು. ಹೊರಗೆ ಬಿಡದೆ ಮಳೆ ಸುರಿಯುತ್ತಿರುವಾಗ ಒಳಗೆ ಬಾಳೆಎಲೆಯ ಮುಂದೆ ಸತ್ತವರ ಹೆಸರು ಹೇಳಿ ಕೈಮುಗಿಯುತ್ತಾರೆ. ಆದರೆ ಕಾಣೆಯಾದವನು ಸತ್ತವನಲ್ಲ, ಬದುಕಿರುವವನೂ ಅಲ್ಲ. ಅವನ ಹೆಸರಿನಲ್ಲಿ ಎಲೆ ಹಾಕಿದರೆ ಆಸೆಯನ್ನು ಕೈಯಾರೆ ಕೊಂದಂತೆ. ಹಾಕದಿದ್ದರೆ ಹೋದವನನ್ನು ಹಸಿದಿರಿಸಿದಂತೆ. ಏಳು ವರ್ಷಗಳ ಕಾಲ ಯಾವ ಸುದ್ದಿಯೂ ಇಲ್ಲದವನು ಮೃತನಾಗಿರುವನೆಂದು ಊಹಿಸಬಹುದೆಂದು ನಮ್ಮ ಸಾಕ್ಷ್ಯ ಕಾನೂನು ಹೇಳುತ್ತದೆ. ಕಾನೂನಿಗೆ ಒಂದು ಲೆಕ್ಕ ಬೇಕು, ಅದು ನ್ಯಾಯವೇ. ತಾಯಿಯ ಮನಸ್ಸಿಗೆ ಅಂಥ ಲೆಕ್ಕವಿಲ್ಲ.

ಏಕನಾಥ ಶೆಟ್ಟರು ಸೇರಿದ್ದ ದಳದ ಹೆಸರು ರಕ್ಷಣಾ ಭದ್ರತಾ ದಳ. ಸೇನೆಯವರು ಇಂಗ್ಲಿಷ್ ಅಕ್ಷರಗಳಲ್ಲಿ ಡಿ.ಎಸ್.ಸಿ. ಎನ್ನುತ್ತಾರೆ. ಅದರ ಕೇಂದ್ರ ನಮಗೆ ದೂರವೇನೂ ಅಲ್ಲ. ಮಂಗಳೂರಿನಿಂದ ತೆಂಕಣಕ್ಕೆ ಹೋಗುವ ರೈಲಿನಲ್ಲಿ ಕುಳಿತರೆ ಸಿಗುವ ಕಣ್ಣೂರಿನಲ್ಲಿದೆ. ಸೈನ್ಯದಲ್ಲಿ ಒಮ್ಮೆ ಪೂರ್ಣ ಸೇವೆ ಸಲ್ಲಿಸಿ ನಿವೃತ್ತರಾದವರೇ ಬಹುಪಾಲು ಈ ದಳಕ್ಕೆ ಎರಡನೆಯ ಬಾರಿ ಸೇರುತ್ತಾರೆ. ಶಸ್ತ್ರಾಗಾರ, ವಾಯುನೆಲೆ, ಬಂದರುಗಳ ಕಾವಲು ಇವರ ಕೆಲಸ. ಪದಕ, ಪತ್ರಿಕೆಯ ಮುಖಪುಟ ಇವರಿಗೆ ದೂರ. ಆ ವಿಮಾನದಲ್ಲಿ ಶೆಟ್ಟರು ಹೊರಟದ್ದು ಯುದ್ಧಕ್ಕಲ್ಲ, ಕೆಲಸದ ಜಾಗಕ್ಕೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಸೀಮೆಯಲ್ಲಿ ಸೈನ್ಯದ ಪಿಂಚಣಿ ಪಡೆದು ಅಡಕೆ ತೋಟದ ನಡುವೆ ಸದ್ದಿಲ್ಲದೆ ಬದುಕುತ್ತಿರುವ ಅನೇಕರ ಬಾಳು ಇದೇ ಬಗೆಯದು. ಗುಂಡೇಟಿನಿಂದ ಸತ್ತವನನ್ನು ಮಾತ್ರ ವೀರನೆಂದು ಎಣಿಸುವ ನಮ್ಮ ರೂಢಿ ಅಷ್ಟೇನೂ ಸರಿಯಲ್ಲವೆಂದು ಈ ಲೇಖಕನಿಗೆ ತೋರುತ್ತದೆ.

ಸೈನ್ಯದ ರೂಢಿ ಈ ವಿಷಯದಲ್ಲಿ ನಮ್ಮದಕ್ಕಿಂತ ಹಿರಿದು. ರೆಜಿಮೆಂಟು ಎಂಬುದು ಒಂದು ಮನೆತನ. ಅದಕ್ಕೆ ಹುಟ್ಟಿದ ದಿನವಿದೆ, ಮನೆದೇವರಿದೆ, ಹಿರಿಯರ ನೆನಪಿದೆ. ಮದ್ರಾಸ್ ರೆಜಿಮೆಂಟು ತನ್ನ ಮೂಲವನ್ನು 1758ರಷ್ಟು ಹಿಂದಕ್ಕೆ ಗುರುತಿಸುತ್ತದೆ. ನೀಲಗಿರಿಯ ವೆಲ್ಲಿಂಗ್‌ಟನ್ನಿನಲ್ಲಿ ಅದರ ಕೇಂದ್ರವಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರ. ಇಂಥ ಕಡೆಗಳಲ್ಲಿ ಕಲ್ಲಿನ ಸ್ಮಾರಕದ ಮುಂದೆ ಹೂಮಾಲೆಯಿಟ್ಟು, ಬಂದೂಕಿನ ಬಾಯನ್ನು ನೆಲಕ್ಕೆ ತಿರುಗಿಸಿ ‘ಶೋಕ ಶಸ್ತ್ರ’ ಸಲ್ಲಿಸುವಾಗ, ಕಹಳೆಯವನು ಲಾಸ್ಟ್ ಪೋಸ್ಟ್ ಊದುವಾಗ, ಸುಬೇದಾರನಿಗೂ ಸಿಪಾಯಿಗೂ ಸಲ್ಲುವ ಮೌನ ಒಂದೇ ಅಳತೆಯದು. ದಳದ ದಾಖಲೆ ಕಚೇರಿಯಲ್ಲಿ ಪ್ರತಿಯೊಬ್ಬನಿಗೂ ಒಂದು ಸಂಖ್ಯೆ, ಒಂದು ಹಾಳೆ. ಹುಟ್ಟಿದ ಊರು, ಸೇರಿದ ದಿನ, ಮಡಿದ ದಿನ, ವಾರಸುದಾರರ ಹೆಸರು ಎಲ್ಲವೂ ಅಲ್ಲಿರುತ್ತವೆ. ಆ ಹಾಳೆ ಒಣ ಕಾಗದವೆಂದು ತಳ್ಳಿಹಾಕುವಂತಿಲ್ಲ. ವಿಧವೆಯ ಪಿಂಚಣಿ, ಮಕ್ಕಳ ಓದು ಅದರ ಮೇಲೆಯೇ ನಿಂತಿರುತ್ತದೆ.

ಫ್ರಾನ್ಸ್ ದೇಶದ ನವ್ ಶಾಪೆಲ್ ಎಂಬ ಹಳ್ಳಿಯಲ್ಲಿ 1927ರಲ್ಲಿ ತೆರೆದ ಸ್ಮಾರಕವೊಂದಿದೆ. ಮೊದಲನೆಯ ಮಹಾಯುದ್ಧದಲ್ಲಿ ಆ ರಣರಂಗದಲ್ಲಿ ಮಡಿದು, ಸಮಾಧಿಯೂ ಇಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರನ್ನು ಅದರ ಗೋಡೆಗಳಲ್ಲಿ ಕೊರೆಯಲಾಗಿದೆ. ಪರಕೀಯರ ಯುದ್ಧ, ಪರಕೀಯರ ನೆಲ, ಆದರೂ ಹೆಸರು ಉಳಿಯಿತು. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಲೋಕಾರ್ಪಣೆಗೊಂಡ ರಾಷ್ಟ್ರೀಯ ಸಮರ ಸ್ಮಾರಕದ ತ್ಯಾಗ ಚಕ್ರದಲ್ಲಿಯೂ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಹೆಸರುಗಳು ಇಟ್ಟಿಗೆಯ ಸಾಲಿನಂತೆ ಜೋಡಿಸಿದ ಶಿಲಾಫಲಕಗಳ ಮೇಲಿವೆ. ಒಬ್ಬೊಬ್ಬನಿಗೆ ಒಂದೊಂದು ಕಲ್ಲು.

ನಮ್ಮ ಸಮಾಜದ ಮನೆಗಳು ಮರೆಯಲಾಗದ ಒಂದು ಹೆಸರು ಇಲ್ಲಿ ಬರಬೇಕು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2002ರಲ್ಲಿ ಸೈನ್ಯ ಸೇರಿದವರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳನ್ನು ಕಾಶ್ಮೀರ, ಈಶಾನ್ಯ ಗಡಿಗಳಂಥ ಕಠಿಣ ಕಡೆಗಳಲ್ಲಿ ಕಳೆದವರು. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ, 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆಯೊಂದು ಕುಸಿದು 19ನೆಯ ಮದ್ರಾಸ್ ಪಡೆಯ ಹತ್ತು ಮಂದಿಯನ್ನು ಹೂತುಹಾಕಿತು. ತಮಿಳುನಾಡಿನ ನಾಲ್ವರು, ಕರ್ನಾಟಕದ ಮೂವರು, ಕೇರಳ, ಆಂಧ್ರ, ಮಹಾರಾಷ್ಟ್ರದ ತಲಾ ಒಬ್ಬರು. ಕನ್ನಡಿಗರಲ್ಲಿ ಹನುಮಂತಪ್ಪನವರ ಜೊತೆಗೆ ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆ ಕಡೆಯ ಸಿಪಾಯಿ ಮಹೇಶ ಇದ್ದರು.

ಜೊತೆಯವರು ಬಿಟ್ಟುಹೋಗಲಿಲ್ಲ. ಉಸಿರಾಡುವುದೇ ಕಷ್ಟವಾದ ಎತ್ತರದಲ್ಲಿ, ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಯಂತ್ರದಿಂದ ಕೊರೆದು, ಡಾಟ್ ಮತ್ತು ಮಿಶಾ ಎಂಬ ನಾಯಿಗಳ ಮೂಗನ್ನು ನಂಬಿ, ಹಗಲಿರುಳು ಅಗೆದರು. ಯಾರೂ ಬದುಕಿರಲಾರರೆಂದು ದೇಶವೇ ನಂಬಿದ್ದಾಗ, ಆರನೆಯ ದಿನ, ಫೆಬ್ರವರಿ 8ರ ರಾತ್ರಿ, ಇಪ್ಪತ್ತೈದು ಅಡಿಗೂ ಹೆಚ್ಚಿನ ಹಿಮದ ಕೆಳಗೆ ಹನುಮಂತಪ್ಪ ಜೀವಸಹಿತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಮೂರು ದಿನ ಹೋರಾಡಿ 11ರಂದು ಪ್ರಾಣಬಿಟ್ಟರು. ಬದುಕಿರುವವನಿಗಾಗಿ ಅಗೆದರೆಂದು ಹೇಳುವುದು ಸುಲಭ. ಆ ಕೈಗಳು ಅಗೆಯತೊಡಗಿದಾಗ ಅವರಿಗೆ ಸಿಗುವುದು ಶವಗಳೆಂದೇ ಎಣಿಕೆಯಿತ್ತು. ಶವವನ್ನಾದರೂ ಮನೆಗೆ ಮುಟ್ಟಿಸಬೇಕೆಂಬುದೇ ಅಲ್ಲಿದ್ದ ಹಟ.

ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನಸಾಗರ ಅಂತಿಮ ದರ್ಶನ ಪಡೆಯಿತು. ಬೆಟದೂರಿನಲ್ಲಿ, ಸರ್ಕಾರಿ ಗೌರವದೊಡನೆ, ಸಮಾಜದ ಪದ್ಧತಿಯಂತೆ ಅವರನ್ನು ಮಣ್ಣಿಗೆ ಒಪ್ಪಿಸಲಾಯಿತು. ನಮ್ಮಲ್ಲಿ ದೇಹವನ್ನು ಸುಡುವುದಿಲ್ಲ. ವಿಭೂತಿ ಧರಿಸಿ, ಪತ್ರಿ ಏರಿಸಿ, ಭೂಮಿತಾಯಿಯ ಮಡಿಲಲ್ಲಿ ಕೂರಿಸುತ್ತೇವೆ. ಹಾಗಾಗಿ ಮನೆಯವರಿಗೆ ಹೋಗಿ ನಿಲ್ಲಲು ಒಂದು ಜಾಗ ಉಳಿಯುತ್ತದೆ. ಹಬ್ಬದ ದಿನ ಒಂದು ಹಿಡಿ ಹೂ ಇಡಲು, ಬೆಳೆದ ಮಗುವಿಗೆ ತೋರಿಸಲು. ಮರುವರ್ಷ ಹನುಮಂತಪ್ಪನವರಿಗೆ ಮರಣೋತ್ತರ ಸೇನಾ ಪದಕ ಸಂದಿತು.

ಬೆಟದೂರಿಗೆ ದೊರೆತದ್ದು ಗುರುವಾಯನಕೆರೆಗೆ ದೊರೆಯಲಿಲ್ಲ. ಹಿಮ ಎಷ್ಟೇ ಕ್ರೂರವಾದರೂ ಕೆಲವೊಮ್ಮೆ ತಾನು ನುಂಗಿದ್ದನ್ನು ಹಿಂತಿರುಗಿಸುತ್ತದೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೋಗುತ್ತಿದ್ದ ವಾಯುಪಡೆಯ ವಿಮಾನ 102 ಮಂದಿಯೊಡನೆ ರೋಹ್ತಾಂಗ್ ಕಣಿವೆಯ ಬಳಿ ಬಿದ್ದಿತ್ತು. 2024ರ ಸಪ್ಟೆಂಬರ್ ಕೊನೆಯಲ್ಲಿ, 56 ವರ್ಷಗಳ ಮೇಲೆ, ಡೋಗ್ರಾ ಸ್ಕೌಟ್ಸ್ ಪಡೆಯವರು ಚಂದ್ರಭಾಗಾ ಶಿಖರ ಪ್ರದೇಶದಲ್ಲಿ ನಾಲ್ಕು ದೇಹಗಳನ್ನು ಹೊರತೆಗೆದರು. ಅವುಗಳಲ್ಲಿ ಒಂದು ಕೇರಳದ ಪತ್ತನಂತಿಟ್ಟ ಜಿಲ್ಲೆಯ ಸಿಪಾಯಿ ಥಾಮಸ್ ಚೆರಿಯನ್ ಅವರದು. ಹುಡುಕಿದ ಯೋಧರಲ್ಲಿ ಹೆಚ್ಚಿನವರು ಆ ವಿಮಾನ ಬಿದ್ದಾಗ ಹುಟ್ಟಿಯೇ ಇರಲಿಲ್ಲ. ಆದರೂ ದಳದಿಂದ ದಳಕ್ಕೆ ಕೆಲಸ ದಾಟಿ ಬಂದಿತ್ತು.

ಸಮುದ್ರದ ರೀತಿ ಬೇರೆ. 2024ರ ಜನವರಿ 12ರಂದು ರಕ್ಷಣಾ ಸಚಿವಾಲಯ ಒಂದು ಪ್ರಕಟಣೆ ಹೊರಡಿಸಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಆಳಕ್ಕಿಳಿಸಿದ ಮಾನವರಹಿತ ಯಾನವು ಚೆನ್ನೈ ತೀರದಿಂದ ಸುಮಾರು 140 ನಾಟಿಕಲ್ ಮೈಲಿ ದೂರದಲ್ಲಿ, 3,400 ಮೀಟರ್ ಆಳದಲ್ಲಿ, ವಿಮಾನದ ಅವಶೇಷಗಳ ಚಿತ್ರ ತೆಗೆದಿದೆ. ಆ ಭಾಗದಲ್ಲಿ ಬೇರೆ ಯಾವ ವಿಮಾನವೂ ಕಾಣೆಯಾದ ದಾಖಲೆಯಿಲ್ಲದ್ದರಿಂದ ಅದು 2016ರ ವಿಮಾನದ್ದೇ ಆಗಿರಬಹುದು ಎಂದು. ಏಳೂವರೆ ವರ್ಷಗಳ ಮೇಲೆ ಬಂದ ಉತ್ತರವದು. ದೇಹವಿಲ್ಲ, ಬೂದಿಯಿಲ್ಲ. ಆದರೆ ಇಲ್ಲಿ ಮಲಗಿದ್ದಾರೆ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಬಿಂದು ನಕಾಶೆಯ ಮೇಲೆ ಬಂದಿತು. ಹೊರಗಿನವರಿಗೆ ಇದು ಸಣ್ಣದೆನಿಸಬಹುದು.

ಊರುಗಳು ಸತ್ತವರನ್ನು ನೆನೆಯುವ ಬಗೆಯನ್ನು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಹದಿನೆಂಟು ಜೈನ ಸಮಾಧಿಗಳಿವೆ. ನೋಡಲು ಭವ್ಯ. ಆದರೆ ಬಹುಪಾಲು ಸಮಾಧಿಗಳ ಮೇಲೆ ಹೆಸರಿಲ್ಲ. ಯಾರದೆಂದು ಇಂದು ಹೇಳುವವರಿಲ್ಲ. ಬಂಟ್ವಾಳದ ದಾರಿಯಲ್ಲಿಯೇ 1837ರ ಏಪ್ರಿಲ್ ತಿಂಗಳಲ್ಲಿ ಅಮರ ಸುಳ್ಯದ ರೈತಪಡೆ ಮಂಗಳೂರಿಗೆ ನಡೆದು, ಬಾವುಟಗುಡ್ಡೆಯಲ್ಲಿ ತನ್ನ ಧ್ವಜವೇರಿಸಿತು. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪ, ಬಂಟ್ವಾಳ ತಾಲೂಕಿನ ನಂದಾವರದ ಲಕ್ಷ್ಮಪ್ಪ ಬಂಗರಸ ಗಲ್ಲಿಗೇರಿದರು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅದೇ ಬಾವುಟಗುಡ್ಡೆಯಲ್ಲಿ ತಲೆಯೆತ್ತಿತು. ನಾಯಕರು ಉಳಿದರು. ಕೋವಿ ಕತ್ತಿ ಹಿಡಿದು ಅವರ ಹಿಂದೆ ನಡೆದವರ ಹೆಸರಿನ ಪಟ್ಟಿಯನ್ನು ಯಾವ ಗೋಡೆಯ ಮೇಲೂ ಕೊರೆದಿಲ್ಲ. ಅವರಿಗೆ ದಾಖಲೆ ಕಚೇರಿಯಿರಲಿಲ್ಲ, ಬರೆದಿಟ್ಟುಕೊಳ್ಳುವ ರೆಜಿಮೆಂಟು ಇರಲಿಲ್ಲ.

ಹಿಂದಿನ ವೀರಗಲ್ಲುಗಳು ಈ ಮಾತಿನಲ್ಲಿ ಒಂದು ಕೈ ಮೇಲು. ತುರು ಬಿಡಿಸಲು ಹೋಗಿ ಬಿದ್ದ ಸಾಮಾನ್ಯನಿಗೂ ಊರವರು ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ವೀರ. ಕೆಲವಕ್ಕೆ ಅವನ ಹೆಸರು, ಊರು ಬರೆದ ಎರಡು ಸಾಲು. ಬೆಂಗಳೂರಿನ ಬಸವೇಶ್ವರ ವೃತ್ತದ ಸಮೀಪದ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವ ಬೃಹತ್ ಏಕಶಿಲೆಗೆ ವೀರಗಲ್ಲು ಎಂದೇ ಹೆಸರಿಟ್ಟಿರುವುದು ಸರಿಯಾಗಿಯೇ ಇದೆ.

ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕದಲ್ಲಿ ಪ್ರತಿ ಜುಲೈ 26ರಂದು, ಕಾರ್ಗಿಲ್ ವಿಜಯದ ದಿನ, ನಿವೃತ್ತ ಯೋಧರು ಸೇರುತ್ತಾರೆ. ಎದೆಯ ಮೇಲೆ ಪದಕ, ಕೈಯಲ್ಲಿ ಕೊಡೆ. ಅದೂ ಆಟಿಯ ಮಳೆಯಲ್ಲಿಯೇ. ಮೂರು ತಾಲೂಕುಗಳಿಂದಲೂ ಬಸ್ಸು ಹಿಡಿದು ಅಲ್ಲಿಗೆ ಹೋಗಬಹುದು. ಆದರೆ ಎಂಬತ್ತು ದಾಟಿದವರಿಗೆ, 1965 ಮತ್ತು 1971ರ ಯುದ್ಧಗಳನ್ನು ಕಂಡವರಿಗೆ, ಆ ಪಯಣ ಇನ್ನು ಸಾಧ್ಯವಿಲ್ಲ. ಅವರ ಬಾಯಲ್ಲಿರುವ ಹೆಸರುಗಳು, ಒಂದೇ ಕಂದಕದಲ್ಲಿ ಮಲಗಿದ್ದ ಜೊತೆಗಾರರ ಊರು, ಅಡ್ಡಹೆಸರು, ಅವರು ಹಾಡುತ್ತಿದ್ದ ಹಾಡು, ಇವು ಯಾವ ದಾಖಲೆ ಕಚೇರಿಯಲ್ಲಿಯೂ ಇಲ್ಲ.

ಹತ್ತಿರದ ಯಾವ ಮನೆಯಲ್ಲಿಯಾದರೂ ಇಂಥ ಹಿರಿಯರಿದ್ದರೆ ನಮ್ಮ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಹೋಗಿ ಕುಳಿತುಕೊಳ್ಳಲಿ. ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ನಾಲ್ಕು ಕಾಸು ಕೊಟ್ಟು ಚೀಟಿ ಅಂಟಿಸಿಕೊಳ್ಳುವುದು ಒಳ್ಳೆಯದೇ, ಅದರಿಂದ ಸೈನಿಕ ಕಲ್ಯಾಣಕ್ಕೆ ಹಣ ಸೇರುತ್ತದೆ. ಅದರ ಜೊತೆಗೆ ಇದೂ ಆಗಲಿ. ಮೊದಲು ಹೆಸರು ಬರೆಯಬೇಕು. ಆಮೇಲೆ ಸೇನಾ ಸಂಖ್ಯೆ, ದಳ, ಸೇರಿದ ವರ್ಷ. ಆ ಮೇಲೆ ಅವರು ಹೇಳಿದಷ್ಟು, ಹೇಳಿದ ಹಾಗೆಯೇ. ಹೇಳದೆ ಸುಮ್ಮನಾದರೆ ಒತ್ತಾಯಿಸಬಾರದು. ಕಾಫಿ ಕುಡಿದು, ಇನ್ನೊಂದು ದಿನ ಬರುತ್ತೇವೆಂದು ಹೇಳಿ ಏಳಬೇಕು. ಗುರುವಾಯನಕೆರೆಯ ಹೆಸರಿಗೆ ಒಂದು ಪುಟ ಮೀಸಲಿಡಲಿ. ತಾರೀಖು 22 ಜುಲೈ 2016. ಜಾಗ ಬಂಗಾಳ ಕೊಲ್ಲಿ, ಆಳ 3,400 ಮೀಟರ್.