ಮನೆಶುಶ್ರೂಷೆ: ವಿಮೆಯ ದರಪಟ್ಟಿಯಲ್ಲಿ ಕಾಣದ ವೆಚ್ಚ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ವ್ಯವಸ್ಥೆ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ತಂದೆ ಆರಂಭಿಸಿದ ವ್ಯಾಪಾರವನ್ನು ಮಕ್ಕಳು ಮುಂದುವರಿಸುತ್ತಿರುವ ಇಂತಹ ಕುಟುಂಬಗಳಲ್ಲಿ ಹಿರಿಯರೊಬ್ಬರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರೆ, ಆಸ್ಪತ್ರೆಯ ಬಿಲ್ಲಿನ ಬಹುಪಾಲನ್ನು ವಿಮೆ ಭರಿಸಬಹುದು. ಆದರೆ ರೋಗಿ ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಬೇಕಾಗುವ ಹೋಮ್ ನರ್ಸ್ ವೆಚ್ಚ ಯಾರದು? ಮಾಲೀಕನ ಮನೆಯಲ್ಲಿಯೂ ಕಾರ್ಮಿಕನ ಮನೆಯಲ್ಲಿಯೂ ಈ ಪ್ರಶ್ನೆಗೆ ಉತ್ತರ ಒಂದೇ: ಅದು ಕುಟುಂಬದ್ದೇ ಹೊರೆ.

ಇಎಸ್‌ಐ ನೀಡುವುದೆಷ್ಟು?

ಬೆಂಗಳೂರಿನಲ್ಲಿ ನೌಕರರ ರಾಜ್ಯ ವಿಮಾ ಯೋಜನೆ ಜಾರಿಗೆ ಬಂದದ್ದು 1958ರ ಜುಲೈನಲ್ಲಿ. 2019ರ ಜುಲೈ 1ರಿಂದ ವಂತಿಗೆಯ ದರವನ್ನು ಮಾಲೀಕರಿಗೆ ವೇತನದ ಶೇ. 3.25, ಕಾರ್ಮಿಕರಿಗೆ ಶೇ. 0.75 ಎಂದು ಇಳಿಸಲಾಯಿತು. ಉದಾಹರಣೆಗೆ, ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ತಿಂಗಳಿಗೆ 20,000 ರೂ. ಪಡೆಯುವ ಕಾರ್ಮಿಕನೊಬ್ಬನಿದ್ದಾನೆಂದು ಭಾವಿಸೋಣ. ಅವನ ಹೆಸರಿನಲ್ಲಿ ಮಾಲೀಕರಿಂದ 650 ರೂ., ಅವನ ವೇತನದಿಂದ 150 ರೂ., ಒಟ್ಟು 800 ರೂ. ಪ್ರತಿ ತಿಂಗಳೂ ನಿಗಮಕ್ಕೆ ಸಂದಾಯವಾಗುತ್ತದೆ.

ಪ್ರತಿಯಾಗಿ ದೊರೆಯುವ ಸೌಲಭ್ಯಗಳು ಕಡಿಮೆಯೇನಲ್ಲ. ಕಾರ್ಮಿಕನಿಗೂ ಅವನ ಅವಲಂಬಿತ ತಂದೆತಾಯಿಯರಿಗೂ ವೈದ್ಯಕೀಯ ಚಿಕಿತ್ಸೆಯಿದೆ. ಕಾರ್ಮಿಕನೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ನಗದು ಭತ್ಯೆಯಿದೆ. ನಿಗದಿತ ದೀರ್ಘಕಾಲೀನ ಕಾಯಿಲೆಗಳಿಗೆ ಶೇ. 80ರಷ್ಟು ಭತ್ಯೆ ಎರಡು ವರ್ಷಗಳವರೆಗೂ ದೊರೆಯಬಹುದು. ಆದರೆ ಮನೆಗೆ ಬಂದು ಗಾಯಕ್ಕೆ ಪಟ್ಟಿ ಕಟ್ಟುವ, ನಳಿಕೆ ಬದಲಿಸುವ, ಹಾಸಿಗೆ ಹುಣ್ಣಾಗದಂತೆ ರೋಗಿಯ ಮಗ್ಗುಲು ಬದಲಿಸುವ ಶುಶ್ರೂಷಕಿಗೆ ದಿನಕ್ಕಿಷ್ಟು ಅಥವಾ ಭೇಟಿಗಿಷ್ಟು ಎಂಬ ದರ ಈ ಸೌಲಭ್ಯಗಳ ಸಾಲಿನಲ್ಲಿಲ್ಲ. ತಾಯಿಯ ಆರೈಕೆಗೆಂದು ಕಾರ್ಮಿಕನೇ ಮನೆಯಲ್ಲಿ ಉಳಿದರೆ ಕಾಯಿಲೆ ಅವನದಲ್ಲದ ಕಾರಣ ಭತ್ಯೆಯೂ ಇಲ್ಲ. ಅವನಿಗೆ ಸಂಬಳ ನಷ್ಟ, ಮಾಲೀಕರಿಗೆ ಯಂತ್ರ ನಿಂತ ನಷ್ಟ.

ಪ್ಯಾಕೇಜಿನೊಳಗೆ ಅಡಗಿದ ಶುಶ್ರೂಷೆ

ಇದಕ್ಕೆ ಮೂಲ ಕಾರಣ ದರ ನಿಗದಿಯ ವಿಧಾನದಲ್ಲಿದೆ. ಸರ್ಕಾರಿ ಯೋಜನೆಗಳು ಖಾಸಗಿ ಆಸ್ಪತ್ರೆಗಳಿಗೆ ಹಣ ನೀಡುವುದು ಪ್ಯಾಕೇಜ್ ದರದಲ್ಲಿ. ಹಾಸಿಗೆ, ವೈದ್ಯರ ಶುಲ್ಕ, ಔಷಧ, ಶುಶ್ರೂಷೆ ಎಲ್ಲವೂ ಆ ಒಂದೇ ಮೊತ್ತದಲ್ಲಿ ಸೇರಿರುತ್ತವೆ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಆರಂಭವಾದಾಗ ಸಾಮಾನ್ಯ ವಾರ್ಡಿನ ವೈದ್ಯಕೀಯ ಚಿಕಿತ್ಸೆಗೆ ದಿನಕ್ಕೆ 1,800 ರೂ. ಎಂದು ಗೊತ್ತುಪಡಿಸಲಾಗಿತ್ತು. ಅದೇ ವರ್ಷದ ಅಕ್ಟೋಬರ್ 30ರಂದು ರಾಜ್ಯದ ಆರೋಗ್ಯ ಕರ್ನಾಟಕದೊಂದಿಗೆ ಈ ಯೋಜನೆ ವಿಲೀನಗೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ, ಸರ್ಕಾರ ಭರಿಸುವುದೆಂದು ನಿಗದಿಯಾಯಿತು.

ಆಯುಷ್ಮಾನ್ ಯೋಜನೆಯಲ್ಲಿ ಬಿಡುಗಡೆಯಾದ ನಂತರದ 15 ದಿನಗಳ ಔಷಧ ಮತ್ತು ಪರೀಕ್ಷೆಗಳಿಗೆ ಅವಕಾಶವಿದೆ. ಮನೆಯಲ್ಲಿ ನರ್ಸ್ ನೇಮಿಸಿಕೊಳ್ಳಲು ಪ್ರತ್ಯೇಕ ಮೊತ್ತವಿಲ್ಲ. ರೋಗಿ ವಾರ್ಡಿನಲ್ಲಿ ಇನ್ನೊಂದು ದಿನ ಉಳಿದರೆ ಹಣ ನೀಡಲು ಸಿದ್ಧವಿರುವ ವ್ಯವಸ್ಥೆ, ಅದಕ್ಕಿಂತ ಕಡಿಮೆ ವೆಚ್ಚದ ಮನೆಭೇಟಿಗೆ ಹಣ ನೀಡದು. ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಇದನ್ನು ಮಿತವ್ಯಯವೆಂದು ಒಪ್ಪಲಾರ.

ಪಾಲಿಸಿಯ ಷರತ್ತುಗಳು

ಖಾಸಗಿ ಹಾಗೂ ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳ ಪಾಲಿಸಿಗಳಲ್ಲಿ ಮನೆಯಲ್ಲೇ ನೀಡುವ ಚಿಕಿತ್ಸೆಗೆ ಸಂಬಂಧಿಸಿದ ಕಲಮು ಇರುವುದುಂಟು. ಸಾಮಾನ್ಯವಾಗಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಲಾಗದಿದ್ದರೆ ಅಥವಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೆ, ಚಿಕಿತ್ಸೆ ಮೂರು ದಿನಗಳಿಗಿಂತ ಹೆಚ್ಚು ನಡೆದರೆ ಮಾತ್ರ ಅದು ಅನ್ವಯಿಸುತ್ತದೆ. ಹಲವು ಪಾಲಿಸಿಗಳು ಮಧುಮೇಹ, ಆಸ್ತಮಾ, ರಕ್ತದೊತ್ತಡಗಳನ್ನು ಇದರಿಂದ ಹೊರಗಿಟ್ಟಿವೆ. ವೃದ್ಧಾಪ್ಯದ ದೀರ್ಘ ಆರೈಕೆಗೆ ಇದು ಒದಗುವುದಿಲ್ಲ.

ಹಾಗೆಂದು ಮನೆಶುಶ್ರೂಷೆಗೆ ವಿಮೆ ಅಸಾಧ್ಯವೆಂದಲ್ಲ. 2020ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಎಲ್ಲ ಕಂಪನಿಗಳೂ ಮಾರುಕಟ್ಟೆಗೆ ತಂದ ‘ಕೊರೋನಾ ಕವಚ್’ ಪಾಲಿಸಿಯಲ್ಲಿ 14 ದಿನಗಳವರೆಗಿನ ಮನೆಚಿಕಿತ್ಸೆಯ ವೆಚ್ಚ ಸೇರಿತ್ತು. ಅದರಲ್ಲಿ ಶುಶ್ರೂಷಾ ಶುಲ್ಕವೂ ಇತ್ತು. ಅನಿವಾರ್ಯವಾದಾಗ ಮಾರ್ಗ ದೊರೆಯಿತೆಂಬುದು ಗಮನಾರ್ಹ.

ಹೊರದೇಶಗಳ ಅನುಭವ

ಜರ್ಮನಿಯಲ್ಲಿ 1995ರಿಂದ ಆರೈಕೆಗೆಂದೇ ಪ್ರತ್ಯೇಕ ಸಾಮಾಜಿಕ ವಿಮೆಯಿದೆ. ಅಲ್ಲಿ 2025ರಲ್ಲಿ ಮೂರನೆಯ ದರ್ಜೆಯ ಅವಲಂಬಿತರಿಗೆ ವೃತ್ತಿಪರ ಮನೆಸೇವೆಗಾಗಿ ತಿಂಗಳಿಗೆ 1,497 ಯೂರೋವರೆಗೆ, ಮನೆಯವರೇ ಆರೈಕೆ ಮಾಡಿದರೆ 599 ಯೂರೋ ನಗದು ನಿಗದಿಯಾಗಿತ್ತು. ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ಇಂತಹ ವಿಮೆಯಿದ್ದು, ಬಳಸುವವರು ಸಾಮಾನ್ಯವಾಗಿ ವೆಚ್ಚದ ಶೇ. 10ರಷ್ಟನ್ನು ಭರಿಸುತ್ತಾರೆ, ದರಗಳ ಪರಿಷ್ಕರಣೆ ಮೂರು ವರ್ಷಗಳಿಗೊಮ್ಮೆ ನಡೆಯುತ್ತದೆ. 2024ರಲ್ಲಿ ಮನೆಭೇಟಿ ಆರೈಕೆಯ ಮೂಲದರವನ್ನು ಇಳಿಸಲಾಯಿತು. ಆ ವರ್ಷ ಇಂತಹ ಸೇವಾಸಂಸ್ಥೆಗಳ ದಿವಾಳಿ ಪ್ರಕರಣಗಳು ದಾಖಲೆಯ ಮಟ್ಟಕ್ಕೇರಿದವು. ದರವೇ ಇಲ್ಲದಿದ್ದರೆ ಸೇವೆ ಬೆಳೆಯದು. ದರ ತೀರ ಕಡಿಮೆಯಾದರೆ ಸೇವೆ ಉಳಿಯದು.

ಉದ್ಯಮಿಗಳು ಮಾಡಬಹುದಾದುದು

ಮೊದಲನೆಯದಾಗಿ, ನೌಕರರ ಗುಂಪು ವಿಮೆಯನ್ನು ನವೀಕರಿಸುವಾಗ ಬಿಡುಗಡೆಯ ನಂತರದ ಎಷ್ಟು ದಿನಗಳ ಶುಶ್ರೂಷೆಗೆ ಹಣ ದೊರೆಯುವುದು, ದಿನದ ಮಿತಿ ಎಷ್ಟು, ತಂದೆತಾಯಿಯರು ಸೇರಿದ್ದಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಎರಡನೆಯದಾಗಿ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಕಂತಿನ ಮೇಲಿನ ಶೇ. 18ರ ಜಿಎಸ್‌ಟಿ ರದ್ದಾಗಿದ್ದು, ಗುಂಪು ಪಾಲಿಸಿಗಳಿಗೆ ಈ ವಿನಾಯಿತಿ ಅನ್ವಯಿಸಲಿಲ್ಲ. ಸಣ್ಣ ಸಂಸ್ಥೆಗಳು ಎರಡರ ವೆಚ್ಚವನ್ನೂ ಹೋಲಿಸಿ ನೋಡುವುದು ಲಾಭಕರ. ಮೂರನೆಯದಾಗಿ, ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ನಿವೃತ್ತರಾಗುವ ಕಾರ್ಮಿಕರು ವರ್ಷಕ್ಕೆ ಕೇವಲ 120 ರೂ. ತುಂಬಿ ತಮಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಉಳಿಸಿಕೊಳ್ಳಬಹುದೆಂಬುದನ್ನು ಅವರಿಗೆ ತಿಳಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಸಾಮೂಹಿಕ ಒತ್ತಾಯ. ಇಎಸ್‌ಐ ನಿಗಮದಲ್ಲಿ ಮಾಲೀಕರ ಪ್ರತಿನಿಧಿಗಳಿಗೆ ಕಾನೂನಿನನ್ವಯ ಸ್ಥಾನವಿದೆ. ಬಿಡುಗಡೆಯ ನಂತರದ ಕೆಲವು ವಾರಗಳಿಗಾದರೂ ತರಬೇತಿ ಪಡೆದ ಶುಶ್ರೂಷಕಿಯ ಮನೆಭೇಟಿಗೆ ನಿರ್ದಿಷ್ಟ ದರ ಗೊತ್ತುಪಡಿಸಬೇಕೆಂಬ ಬೇಡಿಕೆಯನ್ನು ಅಂಕಿಅಂಶ ಸಹಿತ ಅಲ್ಲಿ ಮಂಡಿಸಬಹುದು. ತಿಂಗಳು ತಿಂಗಳೂ ವಂತಿಗೆ ಕಟ್ಟುವವರು ಇದನ್ನು ಕೇಳುವುದು ನ್ಯಾಯವೇ ಆಗಿದೆ.