ಉಜ್ಜಿಹೋದ ಒಳಪದರ, ನುಸುಳಿಬಂದ ಡಿಎನ್‌ಎ

ಮೊಲದ ಮಹಾಪಧಮನಿಯಿಂದ ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರ ಕತ್ತರಿಸಿಕೊಳ್ಳುತ್ತಾರೆ. 37 ಡಿಗ್ರಿ ಬಿಸಿಯ ಲವಣದ್ರಾವಣವಿರುವ ಗಾಜಿನ ಪಾತ್ರೆಯಲ್ಲಿ, ಎರಡು ತಂತಿ ಕೊಕ್ಕೆಗಳ ನಡುವೆ ಅದನ್ನು ತೂಗುಹಾಕುತ್ತಾರೆ. ತಳದಿಂದ ಆಮ್ಲಜನಕದ ಗುಳ್ಳೆಗಳು ಏಳುತ್ತಿದ್ದರೆ ಆ ಉಂಗುರ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ನಾರ್‌ಅಡ್ರಿನಲಿನ್ ಹಾಕಿದರೆ ಬಿಗಿಯುತ್ತದೆ, ತೊಳೆದರೆ ಸಡಿಲಗೊಳ್ಳುತ್ತದೆ. 1904ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ರುಡಾಲ್ಫ್ ಮ್ಯಾಗ್ನಸ್ ಕರುಳಿನ ತುಂಡನ್ನು ಹೀಗೆ ದೇಹದ ಹೊರಗೆ ಮಿಡಿಯುವಂತೆ ಮಾಡಿ ತೋರಿಸಿದರು. ನಮ್ಮ ವೈದ್ಯಕೀಯ ಮತ್ತು ಫಾರ್ಮಸಿ ಕಾಲೇಜುಗಳಲ್ಲಿ ಹಿಂದಿನ ತಲೆಮಾರಿನವರು ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಗೆರೆ ಬರೆಸಿ ಕಲಿತದ್ದೂ ಇದೇ ವಿಧಾನದಿಂದ.

ಹೀಗೆ ಬಿಗಿದು ಸಡಿಲಗೊಳ್ಳುವುದು ನಯಸ್ನಾಯು. ಕರುಳು, ಗರ್ಭಕೋಶ, ಮೂತ್ರಕೋಶ, ಶ್ವಾಸನಾಳ, ರಕ್ತನಾಳಗಳ ಗೋಡೆಯಲ್ಲಿರುವ ಇದು ನಮ್ಮ ಮಾತು ಕೇಳುವುದಿಲ್ಲ. ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಅದು ಕಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಕಿಣ್ವ ಮಯೋಸಿನ್ನಿಗೆ ಫಾಸ್ಫೇಟ್ ಜೋಡಿಸುತ್ತದೆ, ಆಗ ಸ್ನಾಯು ಬಿಗಿಯುತ್ತದೆ. ತೋಳಿನ ಸ್ನಾಯುವಿನಷ್ಟು ವೇಗ ಇದಕ್ಕಿಲ್ಲ. ಆದರೆ ಅತಿ ಕಡಿಮೆ ಶಕ್ತಿ ಖರ್ಚು ಮಾಡಿ ಬಹಳ ಹೊತ್ತು ಬಿಗಿ ಹಿಡಿದಿರಬಲ್ಲದು. ರಕ್ತದೊತ್ತಡ ನಿಂತಿರುವುದು ಬಹುಮಟ್ಟಿಗೆ ಈ ಹಿಡಿತದ ಮೇಲೆ.

ಈ ಸ್ನಾಯು ಸಂಶೋಧಕರನ್ನು ವರ್ಷಗಟ್ಟಲೆ ದಾರಿ ತಪ್ಪಿಸಿದ್ದೂ ಉಂಟು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಪ್ರಾಣಿಗೆ ಚುಚ್ಚಿದರೆ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ. ಅದೇ ರಾಸಾಯನಿಕ, ಕತ್ತರಿಸಿದ ಮಹಾಪಧಮನಿಯ ಪಟ್ಟಿಯನ್ನು ಮಾತ್ರ ಬಿಗಿಗೊಳಿಸುತ್ತಿತ್ತು. ಸಂಶೋಧಕ ರಾಬರ್ಟ್ ಫರ್ಚ್‌ಗಾಟ್ 1950ರ ದಶಕದಲ್ಲೇ ಇದನ್ನು ಕಂಡಿದ್ದರು. 1978ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಅವರ ಪ್ರಯೋಗಾಲಯದಲ್ಲಿ ಸಹಾಯಕರೊಬ್ಬರು ಪ್ರಯೋಗದ ನಡುವೆ ತೊಳೆಯಬೇಕಾದ ಹಂತವೊಂದನ್ನು ಬಿಟ್ಟರು. ಮೊದಲೇ ಬಿಗಿದಿದ್ದ ಉಂಗುರಕ್ಕೆ ಅಸಿಟೈಲ್‌ಕೋಲಿನ್ನಿನ ಬಂಧುವಾದ ಕಾರ್ಬಕಾಲ್ ಬಿತ್ತು. ಉಂಗುರ ಇನ್ನೂ ಬಿಗಿಯುವ ಬದಲು ಸಡಿಲಗೊಂಡಿತು.

ಪಟ್ಟಿಗೂ ಉಂಗುರಕ್ಕೂ ಏನು ವ್ಯತ್ಯಾಸ? ಪಟ್ಟಿಯನ್ನು ಸಿದ್ಧಪಡಿಸುವಾಗ ಅದರ ಒಳಮೈ ಬೆರಳಿಗೋ ಕಾಗದಕ್ಕೋ ತಾಗಿ ಉಜ್ಜಿಹೋಗುತ್ತಿತ್ತು, ಉಂಗುರದ ಒಳಮೈ ಹಾಗೆಯೇ ಉಳಿಯುತ್ತಿತ್ತು. ಫರ್ಚ್‌ಗಾಟ್ ಬೇಕೆಂದೇ ಉಂಗುರದ ಒಳಮೈ ಉಜ್ಜಿ ನೋಡಿದರು, ಸಡಿಲಿಕೆ ನಿಂತುಹೋಯಿತು. ಆಮೇಲೆ ಅವರು ಮಾಡಿದ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಒಳಪದರ ಕಳೆದುಕೊಂಡ ಪಟ್ಟಿಯ ಮೇಲೆ ಒಳಪದರವಿರುವ ಇನ್ನೊಂದು ಪಟ್ಟಿಯನ್ನು, ಒಳಮೈಗೆ ಒಳಮೈ ತಾಗುವಂತೆ ಜೋಡಿಸಿದರು. ಬಿಗಿಯಾಗಿದ್ದ ಬೋಳು ಪಟ್ಟಿ ಈಗ ಸಡಿಲಗೊಂಡಿತು! ಒಂದೇ ಜೀವಕೋಶದಷ್ಟು ದಪ್ಪದ ಆ ಪದರ ಸ್ನಾಯುವಿಗೆ ಏನನ್ನೋ ದಾಟಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿರಲಿಲ್ಲ. ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ದಾಟುತ್ತಿದ್ದದ್ದು ನೈಟ್ರಿಕ್ ಆಕ್ಸೈಡ್ ಅನಿಲ ಎಂಬುದು ಅದೇ ದಶಕದಲ್ಲಿ ಖಚಿತವಾಯಿತು, ಇದಕ್ಕಾಗಿ 1998ರಲ್ಲಿ ಫರ್ಚ್‌ಗಾಟ್ ಹಾಗೂ ಸಂಶೋಧಕರಾದ ಇಗ್ನಾರೊ, ಮುರಾದ್ ಅವರಿಗೆ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ರಕ್ತನಾಳವನ್ನು ಸಡಿಲಿಸುವುದೂ ಇದೇ ನೈಟ್ರಿಕ್ ಆಕ್ಸೈಡಿನ ಮೂಲಕವೇ.

ಉಜ್ಜಿಹೋದ ಆ ಪಟ್ಟಿಯಲ್ಲಿ ಆದಂತೆ, ಮಾದರಿಯನ್ನು ಹಿಡಿದ ಕೈಯೇ ಉತ್ತರವನ್ನು ತಿರುಗಿಸಿಬಿಡಬಹುದು. ವೈರಸ್ಸಿನ ಡಿಎನ್‌ಎ ಹುಡುಕುವವರಿಗೂ ಇದೇ ಚಿಂತೆ, ಅಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ವಿಧಾನವನ್ನು ಕ್ಯಾರಿ ಮಲ್ಲಿಸ್ ರೂಪಿಸಿದ್ದು 1983ರಲ್ಲಿ. ಸುಮಾರು 95 ಡಿಗ್ರಿಗೆ ಕಾಯಿಸಿದಾಗ ಡಿಎನ್‌ಎಯ ಎರಡು ಎಳೆಗಳು ಬೇರಾಗುತ್ತವೆ, ತಣಿಸಿದಾಗ ಪ್ರೈಮರ್ ಎಂಬ ಚಿಕ್ಕ ತುಣುಕುಗಳು ತಮಗೆ ಹೊಂದುವ ಜಾಗದಲ್ಲಿ ಕೂರುತ್ತವೆ, ಅಲ್ಲಿಂದ ಕಿಣ್ವ ಹೊಸ ಎಳೆ ಹೆಣೆಯುತ್ತದೆ. ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿಯಾಗುತ್ತ ಹೋದರೆ 30 ಸುತ್ತು ಮುಗಿಯುವಷ್ಟರಲ್ಲಿ ಒಂದು ತುಣುಕು ಲೆಕ್ಕಕ್ಕೆ 107 ಕೋಟಿ ದಾಟುತ್ತದೆ. ಹಿಂದಿನ ಪರೀಕ್ಷೆಯಿಂದ ಗಾಳಿಗೆ ಹಾರಿ ಬಂದು ಬಿದ್ದ ತುಣುಕನ್ನೂ ಅದು ಅಷ್ಟೇ ನಿಷ್ಠೆಯಿಂದ ಬೆಳೆಸುತ್ತದೆ. ಆದ್ದರಿಂದಲೇ ಮಾದರಿ ಸಿದ್ಧಪಡಿಸುವ ಕೋಣೆ ಬೇರೆ, ಪ್ರತಿಗಳನ್ನು ಬೆಳೆಸುವ ಕೋಣೆ ಬೇರೆ. ಪ್ರತಿ ಸಲವೂ ಪ್ರೈಮರ್, ಕಿಣ್ವ ಎಲ್ಲ ಇದ್ದು ಡಿಎನ್‌ಎ ಬದಲು ಬರೀ ನೀರು ಹಾಕಿದ ಒಂದು ಟ್ಯೂಬನ್ನೂ ಯಂತ್ರದಲ್ಲಿ ಕೂರಿಸುತ್ತಾರೆ. ಅದರಲ್ಲಿ ವೈರಸ್ ‘ಸಿಕ್ಕಿದರೆ’ ಆ ದಿನದ ಫಲಿತಾಂಶಗಳನ್ನು ನಂಬುವಂತಿಲ್ಲ.

ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯಲ್ಲಿ ಈ ಎಚ್ಚರಕ್ಕೆ ಜೀವದ ಬೆಲೆಯಿದೆ. ಆ ಕ್ಯಾನ್ಸರಿಗೂ ಎಚ್‌ಪಿವಿ ವೈರಸ್ಸಿಗೂ ಇರುವ ನಂಟನ್ನು ತೋರಿಸಿದ ಹರಾಲ್ಡ್ ಟ್ಸುರ್ ಹೌಸೆನ್ 2008ರಲ್ಲಿ ನೊಬೆಲ್ ಪಡೆದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ತಪಾಸಣೆಯಾಗಿ ಶಿಫಾರಸು ಮಾಡಿತು, ಸಾಮಾನ್ಯವಾಗಿ 30ನೇ ವಯಸ್ಸಿನಿಂದ. ಡಿಎನ್‌ಎ ಸಿಕ್ಕಿದೆ ಎಂದರೆ ಕ್ಯಾನ್ಸರ್ ಬಂದಿದೆ ಎಂದಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಸೋಂಕನ್ನು ಕಳೆದುಕೊಳ್ಳುತ್ತದೆ. ಈ ಮಾತನ್ನು ಫಲಿತಾಂಶದ ಚೀಟಿ ಕೈಗೆ ಕೊಡುವಾಗಲೇ ಹೇಳಬೇಕು, ಇಲ್ಲದಿದ್ದರೆ ಆ ಹೆಣ್ಣುಮಗಳು ಅಂದಿನಿಂದ ನಿದ್ದೆಗೆಡುತ್ತಾಳೆ.

ಡಿಎನ್‌ಎ ಸಿಗದಿದ್ದಾಗಲೂ ಅಷ್ಟೇ ಎಚ್ಚರ ಬೇಕು. ಹಲವು ಎಚ್‌ಪಿವಿ ಕಿಟ್‌ಗಳು ವೈರಸ್ಸಿನ ಜೊತೆಗೆ ಮನುಷ್ಯರದೇ ಒಂದು ಜೀನನ್ನೂ, ಉದಾಹರಣೆಗೆ ಬೀಟಾ ಗ್ಲೋಬಿನ್ ಜೀನನ್ನು, ಅದೇ ಮಾದರಿಯಲ್ಲಿ ಹುಡುಕುತ್ತವೆ. ಎರಡೂ ಸಿಗದಿದ್ದರೆ ಮಾದರಿ ತೆಗೆಯುವ ಬ್ರಷ್‌ಗೆ ಜೀವಕೋಶಗಳು ಸರಿಯಾಗಿ ಬಂದಿಲ್ಲದಿರಬಹುದು, ಇಲ್ಲವೇ ಮಾದರಿಯಲ್ಲಿದ್ದ ಯಾವುದೋ ವಸ್ತು ಕಿಣ್ವವನ್ನು ತಡೆದಿರಬಹುದು. ಆಗ ‘ವೈರಸ್ ಇಲ್ಲ’ ಎಂದು ಬರೆದುಕೊಡುವುದಿಲ್ಲ. ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ, ಬೇಕಾದರೆ ಹೊಸ ಮಾದರಿ ಕೊಡಲು ಕರೆಸುತ್ತಾರೆ.